ಅಂಗಡಿ ಕಪಾಟಿನ ಮುಂದೆ ಕೈಖರ್ಚಿನ ಸಂಪಾದನೆ: ಆ್ಯಪ್ ಕೆಲಸ ಮಾಡುವ ಕ್ರಮ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿಯ ಕಪಾಟಿನ ಮುಂದೆ ನಿಂತು, ಸೋಪಿನ ಸಾಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ನೀವು ಕಂಡಿರಬಹುದು. ಅವರು ಕಂಪನಿಯ ನೌಕರರೂ ಅಲ್ಲ, ಯಾವ ಇಲಾಖೆಯವರೂ ಅಲ್ಲ. ಆ್ಯಪ್ ಒಂದರಲ್ಲಿ ಬಂದ ಸಣ್ಣ ಕೆಲಸವನ್ನು ಮಾಡಿ ಅದಕ್ಕೆ ಗೊತ್ತುಪಡಿಸಿದ ಹಣ ಪಡೆಯುವವರು. ಸೋಪು, ಬಿಸ್ಕತ್ತು, ತಂಪು ಪಾನೀಯ ತಯಾರಿಸುವ ಕಂಪನಿಗೆ ತನ್ನ ಸರಕು ಡಿಸ್ಟ್ರಿಬ್ಯೂಟರರ ಗೋದಾಮಿನವರೆಗೆ ಹೋಗಿದ್ದು ಲೆಕ್ಕದಲ್ಲಿ ಸಿಗುತ್ತದೆ. ಅಲ್ಲಿಂದ ಮುಂದೆ ಅದು ಗಿರಾಕಿಯ ಕಣ್ಣೆತ್ತರದಲ್ಲಿದೆಯೋ, ಅಕ್ಕಿ ಮೂಟೆಯ ಹಿಂದೆ ಧೂಳು ಹಿಡಿಯುತ್ತಿದೆಯೋ ಎಂಬುದು ತಿಳಿಯುವುದಿಲ್ಲ. ಅದನ್ನು ನೋಡಿಬರಲು ಊರೂರಿಗೆ ಸಂಬಳದ ನೌಕರರನ್ನು ಕಳುಹಿಸುವುದಕ್ಕಿಂತ, ಆಯಾ ಊರಿನಲ್ಲಿಯೇ ಇರುವವರಿಗೆ ಅಂಗಡಿಗೆ ಇಷ್ಟು ಎಂದು ಕೊಡುವುದು ಕಂಪನಿಗೆ ಅಗ್ಗ. ಅಮೆರಿಕದಲ್ಲಿ 2010ರಲ್ಲಿ ಶುರುವಾದ ಫೀಲ್ಡ್ ಏಜೆಂಟ್ ಎಂಬ ಆ್ಯಪ್ ಈ ಬಗೆಯ ಕೆಲಸವನ್ನು ಫೋನಿಗೆ ತಂದ ಮೊದಲಿಗರಲ್ಲಿ ಒಂದು. ನಮ್ಮಲ್ಲಿ ಬೆಂಗಳೂರು ಮೂಲದ ಟಾಸ್ಕ್‌ಮೋದಂತಹ ವೇದಿಕೆಗಳು ಇದೇ ದಾರಿಯಲ್ಲಿವೆ. ಕಂಪನಿಗೆ ಇದು ಅಗ್ಗ ಎಂಬುದರಿಂದಲೇ ನಮಗೆ ಕೆಲಸ ಸಿಗುತ್ತದೆ, ಮತ್ತು ಅದೇ ಕಾರಣಕ್ಕೆ ಕೈಗೆ ಬರುವ ಹಣಕ್ಕೂ ಒಂದು ಮಿತಿ ಇದೆ.

ಹಗಲು ಲೆಕ್ಕಪತ್ರದ ಕಚೇರಿಯೊಂದರಲ್ಲಿ ದುಡಿಯುವ ನಾನು ಸಂಜೆಯ ಹೊತ್ತು ಮತ್ತು ರಜೆಯ ದಿನಗಳಲ್ಲಿ ಈ ಕೆಲಸ ಮಾಡುತ್ತ ಬಂದಿದ್ದೇನೆ. ಮೊದಲ ಕೆಲವು ತಿಂಗಳು ಆ್ಯಪಿನ ಪರದೆಯಲ್ಲಿ ಏರುತ್ತಿದ್ದ ಅಂಕಿಯನ್ನು ನೋಡಿಯೇ ಸಂತೋಷಪಟ್ಟೆ. ಪೆಟ್ರೋಲಿನ ಚೀಟಿಗಳನ್ನು ಪಕ್ಕಕ್ಕಿಟ್ಟು ಕೂಡಿಸಿ ನೋಡಿದ ದಿನ ಆ ಸಂತೋಷ ಇಳಿಯಿತು. ಒಂದು ಅಂಗಡಿಗೆ 40 ರೂಪಾಯಿ ಎಂದಿಟ್ಟುಕೊಳ್ಳೋಣ. ತೀರ್ಥಹಳ್ಳಿಯಲ್ಲಿ ಐದು ಅಂಗಡಿಗಳ ಕೆಲಸ ಬಂದಿತೆಂದು ಸ್ಕೂಟರ್ ಹತ್ತಿದರೆ, ಹೋಗಿಬರಲು ಸುಮಾರು 120 ಕಿಲೋಮೀಟರ್ ಆಗುತ್ತದೆ; ಲೀಟರಿಗೆ 45 ಕಿಲೋಮೀಟರ್ ಓಡುವ ಗಾಡಿಯಾದರೂ ಲೀಟರಿಗೆ ನೂರು ದಾಟಿರುವ ಪೆಟ್ರೋಲಿಗೆ 270 ರೂಪಾಯಿಯ ಆಸುಪಾಸು ಖರ್ಚು, ಸಂಪಾದನೆ 200. ಅದೇ ಗೋಪಿ ವೃತ್ತದಿಂದ ಗಾಂಧಿ ಬಜಾರಿನವರೆಗೆ ನಡೆದುಕೊಂಡೇ ಆರು ಅಂಗಡಿ ಮುಗಿಸಿದರೆ 240 ರೂಪಾಯಿ, ಒಂದನ್ನು ಆ್ಯಪಿನವರು ತಿರಸ್ಕರಿಸಿದರೂ 200, ಸಮಯ ಎರಡು ಗಂಟೆ. ಹಾಗಾಗಿ ಕೆಲಸವನ್ನು ಒಪ್ಪಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು ಎಷ್ಟು ಕೊಡುತ್ತಾರೆ ಎಂಬುದನ್ನಲ್ಲ, ಆ ದಾರಿಯಲ್ಲಿ ನಾನು ಹೇಗೂ ಹೋಗುವವನೇ ಎಂಬುದನ್ನು. ತೀರ್ಥಹಳ್ಳಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗುವುದಿದ್ದರೆ ಅಲ್ಲಿನ ಐದು ಅಂಗಡಿ ಲಾಭವೇ. ಅವುಗಳಿಗಾಗಿಯೇ ಹೊರಡುವುದಾದರೆ ಮನೆಯಲ್ಲಿ ಕೂರುವುದು ಲೇಸು.

ಬಸ್ಸಿನ ಲೆಕ್ಕವೂ ಹೀಗೆಯೇ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲದಿದ್ದರೂ, ಮಲೆನಾಡಿನ ಅನೇಕ ಮಾರ್ಗಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು, ಅವುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಎಳೆದು ನಾಲ್ಕಕ್ಕೆ ತೆರೆಯುವ ಅಂಗಡಿಗಳಿರುವುದರಿಂದ, ಒಂದೂವರೆಗೆ ಬಸ್ಸಿಳಿದವರು ಎರಡೂವರೆ ಗಂಟೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯಬೇಕಾಗಬಹುದು.

ಸೇರುವ ಮುನ್ನ

ನೋಂದಣಿಗೆ ಸಾಮಾನ್ಯವಾಗಿ ಮೊಬೈಲ್ ಸಂಖ್ಯೆ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮತ್ತು ಒಂದು ಸೆಲ್ಫಿ ಬೇಕಾಗುತ್ತದೆ. ಆಧಾರ್ ಕೊಡುವಾಗ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕೇ ಎಂದು ಮೊದಲು ನೋಡಿ. ಅದು ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿಯೇ ಸಿಗುತ್ತದೆ. ಆ್ಯಪ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಬೇಕು; ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳುಹಿಸಿದ ಎಪಿಕೆ ಕಡತವನ್ನು (ಒತ್ತಿದರೆ ನೇರ ಆ್ಯಪ್ ಹಾಕಿಬಿಡುವ ಕಡತ), ಕಳುಹಿಸಿದವರು ಪರಿಚಯದವರೇ ಆಗಿದ್ದರೂ, ತೆರೆಯಬಾರದು. ಸ್ಥಳದ ಅನುಮತಿಯನ್ನು ಬಳಸುವಾಗ ಮಾತ್ರ ಎಂದು ಕೊಡಿ, ಕ್ಯಾಮೆರಾ ಅನುಮತಿ ಕೊಡಲೇಬೇಕು, ಆದರೆ ಕಪಾಟಿನ ಚಿತ್ರ ತೆಗೆಯುವ ಆ್ಯಪಿಗೆ ನಿಮ್ಮ ಸಂಪರ್ಕಗಳ ಪಟ್ಟಿಯಾಗಲಿ, ಎಸ್ಸೆಮ್ಮೆಸ್ ಆಗಲಿ ಯಾವ ಕೆಲಸಕ್ಕೂ ಬೇಕಾಗಿಲ್ಲ.

ಇದೇ ಕೆಲಸದ ವೇಷದಲ್ಲಿ ಬರುವ ವಂಚನೆಯನ್ನು ಗುರುತಿಸುವುದು ಕಷ್ಟವಲ್ಲ. ಟೆಲಿಗ್ರಾಂ ಗುಂಪಿಗೆ ಸೇರಿಸಿ, ಹೋಟೆಲುಗಳಿಗೆ ಐದು ನಕ್ಷತ್ರ ಒತ್ತಿರಿ ಎಂದು ಹೇಳಿ, ಮೊದಲ ದಿನ ನೂರಿನ್ನೂರು ರೂಪಾಯಿಯನ್ನು ನಿಜವಾಗಿಯೂ ಖಾತೆಗೆ ಹಾಕುತ್ತಾರೆ. ಮೂರನೆಯ ದಿನ ದೊಡ್ಡ ಕೆಲಸ ತೆರೆಯಲು ಎರಡು ಸಾವಿರ ಮುಂಗಡ ಕಟ್ಟಿ ಎನ್ನುತ್ತಾರೆ, ಅಲ್ಲಿಂದ ಮುಂದೆ ಕಟ್ಟಿದ್ದನ್ನು ಬಿಡಿಸಿಕೊಳ್ಳಲು ಮತ್ತೆ ಕಟ್ಟುವುದೇ ಆಗುತ್ತದೆ. ನಿಜವಾದ ಕೆಲಸ ನಿಮ್ಮಿಂದ ನೋಂದಣಿ ಶುಲ್ಕವನ್ನಾಗಲಿ ಠೇವಣಿಯನ್ನಾಗಲಿ ಕೇಳುವುದಿಲ್ಲ, ಹಣ ಸ್ವೀಕರಿಸಲು ಯುಪಿಐ ಪಿನ್ ಒತ್ತಿಸುವುದೂ ಇಲ್ಲ. ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎನ್ನುವವರು ಇನ್ನೂ ಅಪಾಯಕಾರಿ, ಏಕೆಂದರೆ ಕದ್ದ ಹಣ ಆ ಖಾತೆಯ ಮೂಲಕ ಹಾದುಹೋದಾಗ ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆದಾರನ ಬಾಗಿಲಿಗೆ. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮತ್ತೊಂದು ಖಾತೆಗೆ ದಾಟುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಅಂಗಡಿಯೊಳಗೆ

ಆ್ಯಪಿನ ಸೂಚನೆಗಳಲ್ಲಿ ಎಲ್ಲವೂ ಇರುತ್ತದೆ, ಗಲ್ಲಾದ ಹಿಂದೆ ಕೂತಿರುವ ಮನುಷ್ಯನೊಬ್ಬನನ್ನು ಬಿಟ್ಟು. ಅವರ ಒಪ್ಪಿಗೆಯಿಲ್ಲದೆ ಒಂದು ಚಿತ್ರವನ್ನೂ ತೆಗೆಯಬಾರದು. ಕಾನೂನಿನ ಮಾತು ಪಕ್ಕಕ್ಕಿರಲಿ, ಮುಂದಿನ ತಿಂಗಳು ಮತ್ತೆ ಅದೇ ಅಂಗಡಿಗೆ ಹೋಗಬೇಕಾದವರು ನಾವು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ಕಳುಹಿಸಿದ ಮೇಲಂತೂ ಫೋನ್ ಹಿಡಿದು ಅಂಗಡಿಯೊಳಗೆ ಕಣ್ಣಾಡಿಸುವವರನ್ನು ಕಂಡರೆ ಅನುಮಾನ ಹೆಚ್ಚಾಯಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬ ಲೆಕ್ಕ ಆ ದಿನಗಳಲ್ಲಿ ಎಲೆ ಅಡಿಕೆ ಮಾರುವವರ ಬಾಯಲ್ಲೂ ಇತ್ತು. ಆಗ ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಬಿಸ್ಕತ್ತಿನ ಕಪಾಟು ನೋಡಲು ಹೋಗಿದ್ದೆ. ನಾನು ಫೋನ್ ಎತ್ತುತ್ತಿದ್ದಂತೆ ಹಿರಿಯರೊಬ್ಬರು ಒಂದು ಮಾತೂ ಆಡದೆ ಗಲ್ಲಾದ ಮೇಲಿದ್ದ ಕ್ಯೂಆರ್ ಫಲಕವನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟರು, ಆಮೇಲೆ ನಿಧಾನವಾಗಿ, ‘ತಾವು ಯಾವ ಆಫೀಸು?’ ಎಂದು ಕೇಳಿದರು. ಕ್ಯಾಮೆರಾ ಮುಚ್ಚಿ, ಫೋನಿನಲ್ಲಿ ಕೆಲಸದ ಪುಟವನ್ನು ಅವರ ಕನ್ನಡಕದ ಮುಂದೆ ಹಿಡಿದು, ನನಗೆ ಇದರಿಂದ ಎಷ್ಟು ಸಿಗುತ್ತದೆ ಎಂಬುದನ್ನೂ ಹೇಳಿದೆ. ಮೊತ್ತ ಕೇಳಿ ಅವರಿಗೆ ನಗು ಬಂತು. ‘ಇಷ್ಟಕ್ಕೆ ಇಷ್ಟು ದೂರ ಬಂದ್ರಾ’ ಎಂದು ತಾವೇ ಎದ್ದು ಬಿಸ್ಕತ್ತಿನ ಮುಂದಿದ್ದ ಎಣ್ಣೆ ಡಬ್ಬವನ್ನು ಸರಿಸಹೋದರು. ಸರಿಸಬೇಡಿ, ಇದ್ದದ್ದು ಇದ್ದಂತೆಯೇ ಚಿತ್ರದಲ್ಲಿ ಬರಬೇಕು ಎಂದು ವಿವರಿಸಲು ಮತ್ತೆ ಐದು ನಿಮಿಷ ಹಿಡಿಯಿತು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇದು. ಒಳಗೆ ಹೋಗಿ, ಗಿರಾಕಿಗಳಿದ್ದರೆ ಅವರು ಹೋಗುವವರೆಗೆ ಕಾದು, ಹೆಸರು ಮತ್ತು ಬೀದಿಯನ್ನು ಹೇಳಿ, ಬಂದ ಕಾರಣವನ್ನು ಎರಡು ವಾಕ್ಯದಲ್ಲಿ ತಿಳಿಸಿ, ಕ್ಯೂಆರ್ ಫಲಕ, ಸಾಲದ ಪುಸ್ತಕ, ಗಲ್ಲಾ ಮತ್ತು ಜನರ ಮುಖ ಚಿತ್ರದಲ್ಲಿ ಬರುವುದಿಲ್ಲ ಎಂದು ಮೊದಲೇ ಮಾತು ಕೊಡುತ್ತೇನೆ. ತೆಗೆದ ಚಿತ್ರಗಳನ್ನು ಕಳುಹಿಸುವ ಮುನ್ನ ಅವರಿಗೆ ತೋರಿಸುತ್ತೇನೆ. ಬೇಡ ಎಂದರೆ ವಾದಿಸದೆ, ಮಾಲೀಕರು ಒಪ್ಪಲಿಲ್ಲ ಎಂಬ ಆಯ್ಕೆಯನ್ನು ಆ್ಯಪಿನಲ್ಲಿ ಒತ್ತಿ ಹೊರಬರುತ್ತೇನೆ. ಕೆಲವು ಕೆಲಸಗಳಲ್ಲಿ ಅದಕ್ಕೂ ಅಲ್ಪ ಮೊತ್ತ ಸಿಗುತ್ತದೆ, ಸಿಗದಿದ್ದರೂ ಪರವಾಗಿಲ್ಲ. ಅಂಗಡಿಯವರಿಗೆ ಇದರಿಂದ ಏನೂ ಲಾಭವಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ನಮ್ಮ ದನಿ ತಾನಾಗಿಯೇ ತಗ್ಗುತ್ತದೆ. ಬಿಡುವಿನ ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು; ಸಂಜೆ ಆರರ ನಂತರ ಮತ್ತು ಹಬ್ಬದ ಹಿಂದಿನ ದಿನ ಹೋಗುವುದು ಬೈಸಿಕೊಳ್ಳಲು ಹೋದಂತೆ.

ಚಿತ್ರ ತೆಗೆಯುವುದು ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಕಪಾಟು ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ ಬರುವಂತೆ ಒಂದು ಚಿತ್ರ, ನಂತರ ಕೇಳಿದ ಸರಕಿನ ಹತ್ತಿರದ ಚಿತ್ರ, ಕೊನೆಗೆ ಬೆಲೆ ಮುದ್ರಿಸಿರುವ ಭಾಗ. ಟ್ಯೂಬ್‌ಲೈಟಿನ ಬೆಳಕು ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಬಿದ್ದು ಅಕ್ಷರಗಳನ್ನು ನುಂಗುತ್ತದೆ. ಫೋನನ್ನು ನೇರ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದು, ಫ್ಲ್ಯಾಶ್ ಆರಿಸಿದರೆ ಇದು ತಪ್ಪುತ್ತದೆ. ಮಳೆಗಾಲದಲ್ಲಿ ಹೊರಗಿನ ಚಳಿಯಿಂದ ಒಳಗೆ ಬಂದಾಗ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಒರೆಸದೆ ತೆಗೆದ ಚಿತ್ರವೆಲ್ಲ ಹಾಳು. ಬಹುತೇಕ ಆ್ಯಪ್‌ಗಳು ಗ್ಯಾಲರಿಯಲ್ಲಿರುವ ಚಿತ್ರವನ್ನು ಒಪ್ಪುವುದಿಲ್ಲ, ಅಲ್ಲಿಯೇ ಆ ಹೊತ್ತಿಗೇ ತೆಗೆದಿರಬೇಕು. ಹೊರಬರುವ ಮುನ್ನ ಪ್ರತಿ ಚಿತ್ರವನ್ನೂ ಹಿಗ್ಗಿಸಿ ಬೆಲೆ ಓದಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ತಿರಸ್ಕೃತವಾಗುವ ಕೆಲಸಗಳಲ್ಲಿ ನನ್ನ ಅನುಭವದ ಮಟ್ಟಿಗೆ ಹೆಚ್ಚಿನವು ಈ ಒಂದು ನಿಮಿಷವನ್ನು ಉಳಿಸಲು ಹೋದವು.

ಮಲೆನಾಡಿನ ವಿಶೇಷ ತೊಂದರೆ ಎಂದರೆ ಸ್ಥಳ. ಅಂಗಡಿಯಿಂದ ಇಷ್ಟು ಮೀಟರಿನ ಒಳಗೆ ನಿಂತಿದ್ದರೆ ಮಾತ್ರ ಕೆಲಸ ತೆರೆಯುವಂತೆ ಆ್ಯಪ್ ಜಿಪಿಎಸ್ ನೋಡುತ್ತದೆ. ದಟ್ಟ ಮರ, ಗುಡ್ಡದ ಮಗ್ಗುಲು, ಕಾಂಕ್ರೀಟ್ ಛಾವಣಿ ಇವೆಲ್ಲ ಉಪಗ್ರಹದ ಸಂಕೇತವನ್ನು ತಡೆಯುತ್ತವೆ ಅಥವಾ ದಿಕ್ಕು ತಪ್ಪಿಸುತ್ತವೆ. ಒಮ್ಮೆ ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ, ಆಷಾಢದ ಮಳೆಯಲ್ಲಿ, ಅಂಗಡಿಯ ಹೊಸ್ತಿಲ ಮೇಲೆಯೇ ನಿಂತಿದ್ದರೂ ಪರದೆಯ ಮೇಲಿನ ನೀಲಿ ಚುಕ್ಕೆ ತುಂಗಾ ನದಿಯ ನಟ್ಟನಡುವೆ ಹೋಗಿ ಕೂತಿತ್ತು. ನಾನು ಕೊಡೆ ಹಿಡಿದು ರಸ್ತೆಯ ಆಚೆಗೂ ಈಚೆಗೂ ನಡೆದೆ, ಚುಕ್ಕೆ ನದಿಯಿಂದ ಮೇಲೆ ಬರಲಿಲ್ಲ. ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಹೋಯಿತು. ಆಮೇಲೆ ಕಲಿತದ್ದು: ಛಾವಣಿಯ ಕೆಳಗಿನಿಂದ ಹೊರಬಂದು ತೆರೆದ ಆಕಾಶದ ಕೆಳಗೆ ಎರಡು ಮೂರು ನಿಮಿಷ ಅಲುಗಾಡದೆ ನಿಲ್ಲುವುದು, ಸ್ಥಳದ ನಿಖರತೆ ಹೆಚ್ಚಿಸುವ ಸೆಟ್ಟಿಂಗ್ ಮೊದಲೇ ಹಾಕಿರುವುದು, ಕೆಲಸದ ಪುಟವನ್ನು ನೆಟ್‌ವರ್ಕ್ ಇರುವ ಶಿವಮೊಗ್ಗದಲ್ಲಿಯೇ ತೆರೆದು ಇಳಿಸಿಕೊಂಡಿರುವುದು. ಚಿತ್ರಗಳನ್ನು ಫೋನಿನಲ್ಲಿ ಉಳಿಸಿ ನಂತರ ಕಳುಹಿಸಲು ಬಿಡುವ ಆ್ಯಪ್ ಆದರೆ ಮಾತ್ರ ಘಟ್ಟದ ಕಡೆಯ ಕೆಲಸ ಹಿಡಿಯಿರಿ. ಸ್ಥಳವನ್ನು ಸುಳ್ಳಾಗಿ ತೋರಿಸುವ ಆ್ಯಪ್ ಹಾಕಿಕೊಂಡು ಮನೆಯಿಂದಲೇ ಕೆಲಸ ಮುಗಿಸುವವರ ಸುದ್ದಿ ನಿಮ್ಮ ಕಿವಿಗೂ ಬೀಳುತ್ತದೆ. ಸಿಕ್ಕಿಬಿದ್ದ ದಿನ ಖಾತೆಯ ಜೊತೆಗೆ ಅದರಲ್ಲಿದ್ದ ಬಾಕಿ ಹಣವೂ ಹೋಗುತ್ತದೆ.

ಬೆಲೆ ಬರೆದುಕೊಳ್ಳುವ ಕೆಲಸಕ್ಕೆ ಪೊಟ್ಟಣ ಓದಲು ಬರಬೇಕು. ಕಾನೂನುಬದ್ಧ ಮಾಪನಶಾಸ್ತ್ರದ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇವೆಲ್ಲ ಮುದ್ರಿತವಾಗಿರಬೇಕು; ಈಚಿನ ವರ್ಷಗಳಲ್ಲಿ ಗ್ರಾಂ ಅಥವಾ ಮಿಲಿಲೀಟರಿಗೆ ಎಷ್ಟು ಎಂಬ ಬಿಡಿ ಬೆಲೆಯೂ ಸೇರಿದೆ. ಹತ್ತು ರೂಪಾಯಿಯ ಪೊಟ್ಟಣದ ಬೆಲೆ ಹತ್ತೇ ಇದ್ದರೂ ಒಳಗಿನ ಗ್ರಾಂ ಬದಲಾಗುತ್ತಿರುತ್ತದೆ, ಆದ್ದರಿಂದ ಎರಡನ್ನೂ ಬರೆಯಬೇಕು. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದ ಮೇಲೆ, ಒಂದೇ ಕಪಾಟಿನಲ್ಲಿ ಒಂದೇ ಸೋಪಿನ ಹಳೆಯ ಬೆಲೆಯದೂ ಹೊಸ ಬೆಲೆಯದೂ ಅಕ್ಕಪಕ್ಕ ಕೂತಿದ್ದವು, ಕೆಲವು ಪೊಟ್ಟಣಗಳ ಮೇಲೆ ಚೀಟಿ ಅಂಟಿಸಿತ್ತು. ಅಂತಹ ಸಂದರ್ಭದಲ್ಲಿ ಎರಡನ್ನೂ ಚಿತ್ರ ತೆಗೆದು, ಷರಾ ಜಾಗದಲ್ಲಿ ಒಂದು ಸಾಲು ಬರೆದರೆ ಪರಿಶೀಲಿಸುವವರಿಗೆ ಗೊಂದಲವಾಗುವುದಿಲ್ಲ. ಒಂದು ಸರಕಿನ ಬದಲು ಅದರಂತೆಯೇ ಕಾಣುವ ಇನ್ನೊಂದನ್ನು ತೆಗೆಯುವ ತಪ್ಪೂ ಸಾಮಾನ್ಯ. 890ರಿಂದ ಶುರುವಾಗುವ ಹದಿಮೂರು ಅಂಕಿಯ ಬಾರ್‌ಕೋಡನ್ನು ಆ್ಯಪಿನಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ ನೋಡಿದರೆ ತಪ್ಪುವುದಿಲ್ಲ. ಮುದ್ರಿತ ಬೆಲೆ ಒಂದು, ಅಂಗಡಿಯವರು ಮಾರುವ ಬೆಲೆ ಇನ್ನೊಂದು ಎಂಬುದನ್ನು ಗಮನಿಸಿ. ಕೇಳಿರುವುದು ಯಾವುದು ಎಂದು ಓದಿಯೇ ತುಂಬಿ. ಏಜೆನ್ಸಿಯವರು ಅವರಿಗೆ ಎಷ್ಟಕ್ಕೆ ಕೊಡುತ್ತಾರೆ ಎಂಬುದನ್ನು ಮಾತ್ರ ಕೇಳಲೇಬೇಡಿ, ಮುಂದಿನ ಸಲ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ತಂಪು ಪಾನೀಯದ ಫ್ರಿಜ್ ನೋಡುವ ಕೆಲಸವೂ ಆಗಾಗ ಬರುತ್ತದೆ. ಕಂಪನಿ ಕೊಟ್ಟ ಫ್ರಿಜ್ಜಿನಲ್ಲಿ ಅದರದೇ ಬಾಟಲಿಗಳಿರಬೇಕೆಂಬುದು ಕರಾರು. ನಮ್ಮ ಕಡೆ ಅದರೊಳಗೆ ಹಾಲು, ಮೊಸರು, ಮಾಲೀಕರ ಮನೆಯ ಕೊತ್ತಂಬರಿ ಕಟ್ಟು ಎಲ್ಲವೂ ಇರುತ್ತವೆ. ಇದ್ದದ್ದನ್ನು ಇದ್ದಂತೆ ಕಳುಹಿಸಿದರೆ ಪರಿಚಯದವರ ಫ್ರಿಜ್ಜಿಗೆ ಕುತ್ತು ಬಂದೀತೇ ಎಂಬ ಮುಜುಗರ ನನಗೂ ಆಗಿದೆ. ಸುಳ್ಳು ಚಿತ್ರ ಕಳುಹಿಸಲು ಮನಸ್ಸಾಗದಿದ್ದುದರಿಂದ, ತೀರ ಪರಿಚಯದ ಅಂಗಡಿಗಳ ಫ್ರಿಜ್ ಕೆಲಸವನ್ನು ನಾನು ಒಪ್ಪಿಕೊಳ್ಳುವುದನ್ನೇ ಬಿಟ್ಟೆ.

ಗಿರಾಕಿಯ ವೇಷದ ಖರೀದಿಗೆ ಹಣ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಮೊಬೈಲ್ ಮಳಿಗೆಗೋ ಔಷಧದ ಅಂಗಡಿಗೋ ಸಾಮಾನ್ಯ ಗಿರಾಕಿಯಂತೆ ಹೋಗಿ, ಎಷ್ಟು ಹೊತ್ತಿಗೆ ಮಾತನಾಡಿಸಿದರು, ಯಾವ ಬ್ರ್ಯಾಂಡನ್ನು ಮೊದಲು ತೋರಿಸಿದರು, ಬಿಲ್ ಕೊಟ್ಟರೇ ಎಂಬುದನ್ನು ಗಮನಿಸಿ, ಹೊರಬಂದ ತಕ್ಷಣ, ಮನೆಗೆ ಹೋದ ಮೇಲಲ್ಲ, ತುಂಬಬೇಕು. ಕೊಂಡ ವಸ್ತುವಿನ ಹಣ ನಿಮ್ಮ ಕೈಯಿಂದಲೇ ಹೋಗಿ, ವರದಿ ಒಪ್ಪಿತವಾದ ಮೇಲೆ ವಾಪಸ್ಸು ಬರುತ್ತದೆ. ಹಾಗಾಗಿ ತಿಂಗಳ ಕೊನೆಯಲ್ಲಿ ಸಾವಿರ ರೂಪಾಯಿಯ ಖರೀದಿಯ ಕೆಲಸವನ್ನು ಹಿಡಿಯಬೇಡಿ, ಬಿಲ್ಲಿನ ಶಾಯಿ ಮಾಸುವ ಮೊದಲೇ ಅದರ ಚಿತ್ರ ತೆಗೆದಿಡಿ. ಮಾರುವ ಹುಡುಗನ ದನಿಯನ್ನು ಗುಟ್ಟಾಗಿ ಮುದ್ರಿಸಿಕೊಳ್ಳಿ ಎಂದು ಕೇಳುವ ಕೆಲಸವನ್ನು ನಾನು ಮಾಡುವುದಿಲ್ಲ. ಅಂಗಡಿಗಳಿಗೆ ಕ್ಯೂಆರ್ ಅಥವಾ ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಹಾಕಿಸುವ ಕೆಲಸವೂ ಇದೇ ಪಟ್ಟಿಯಲ್ಲಿ ಕಾಣಿಸುತ್ತದೆ, ಆದರೆ ಅದು ಮಾರಾಟದ ಕೆಲಸ: ಅಂಗಡಿಯವರು ಅದನ್ನು ಬಳಸಲು ಶುರು ಮಾಡಿದ ಮೇಲಷ್ಟೇ ಪೂರ್ತಿ ಹಣ, ಅದರ ಬಾಡಿಗೆ ಅವರ ಖಾತೆಯಿಂದ ಕಡಿತವಾದಾಗ ಬೈಗುಳ ನಿಮಗೆ.

ಹಣ, ತೆರಿಗೆ, ಹಕ್ಕು

ಕೆಲಸ ಒಪ್ಪಿತವಾಗಿ ಹಣ ಖಾತೆಗೆ ಬರಲು ಒಂದು ವಾರ ಹಿಡಿಯಬಹುದು, ಮೂರು ವಾರವೂ ಹಿಡಿಯಬಹುದು. ಒಂದು ವೇದಿಕೆ ನನ್ನ ಒಂಬತ್ತು ಅಂಗಡಿಗಳ ಕೆಲಸವನ್ನು ಕಾರಣ ಹೇಳದೆ ತಿರಸ್ಕರಿಸಿದಾಗ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಅಂದಿನಿಂದ ದಿನಾಂಕ, ಅಂಗಡಿ, ಕೆಲಸದ ಸಂಖ್ಯೆ, ಮೊತ್ತ, ಓಡಿದ ದೂರ ಇಷ್ಟನ್ನೂ ಇನ್ನೂರು ಪುಟದ ಒಂದು ಪುಸ್ತಕದಲ್ಲಿ ಬರೆಯುತ್ತೇನೆ, ಸಲ್ಲಿಸಿದ ಪರದೆಯ ಚಿತ್ರವನ್ನೂ ಉಳಿಸುತ್ತೇನೆ. ತಿರಸ್ಕಾರದ ಮೇಲೆ ಮೇಲ್ಮನವಿ ಹಾಕಲು ಅವಕಾಶವಿದ್ದರೆ ಅದೇ ದಿನ, ಸೌಮ್ಯವಾದ ಎರಡು ಸಾಲಿನಲ್ಲಿ, ಸಾಕ್ಷಿಯ ಸಮೇತ ಹಾಕಿ. ಹೊಸ ವೇದಿಕೆಯಲ್ಲಿ ಮೊದಲ ಹಣ ಕೈಗೆ ಬರುವವರೆಗೆ ಐದಕ್ಕಿಂತ ಹೆಚ್ಚು ಕೆಲಸ ಮಾಡದಿರುವುದು ಒಳ್ಳೆಯದು.

ಹಣ ಕೊಡುವ ಸಂಸ್ಥೆ ಮೂಲದಲ್ಲಿಯೇ ತೆರಿಗೆ ಕಡಿದಿದ್ದರೆ ಅದು ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಕಾಣುತ್ತದೆ, ಪ್ಯಾನ್ ಕೊಡದಿದ್ದರೆ ಶೇಕಡಾ 20ರಷ್ಟು ಕಡಿತವಾಗಬಹುದು. ನಿಮ್ಮ ಆದಾಯ ತೆರಿಗೆಯ ಮಿತಿಗೆ ಬರದಿದ್ದರೆ ರಿಟರ್ನ್ಸ್ ಸಲ್ಲಿಸಿ ಕಡಿತವಾದದ್ದನ್ನು ವಾಪಸ್ಸು ಪಡೆಯಬಹುದು. ಸಂಬಳವಿರುವವರು ಈ ಆದಾಯವನ್ನೂ ಅದಕ್ಕೆ ಸೇರಿಸಿ ತೋರಿಸಬೇಕು.

ರಾಜ್ಯದಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಕೆಲಸಕ್ಕೆ ಇಷ್ಟು ಎಂದು ದುಡಿಯುವವರಿಗಾಗಿ, 2025ರಲ್ಲಿ ಸುಗ್ರೀವಾಜ್ಞೆ, ನಂತರ ಕಾಯ್ದೆ ಬಂದಿದೆ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಗಳು ಕಟ್ಟಬೇಕು, ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು 14 ದಿನಗಳ ಮುನ್ಸೂಚನೆ ನೀಡದೆ ಸಾಮಾನ್ಯವಾಗಿ ಯಾರನ್ನೂ ತೆಗೆದುಹಾಕುವಂತಿಲ್ಲ ಎಂಬುದು ಅದರ ಮುಖ್ಯ ಅಂಶಗಳು. ಆದರೆ ಆ ಕಾಯ್ದೆಯ ಅನುಬಂಧದಲ್ಲಿ ಎದ್ದು ಕಾಣುವುದು ಸವಾರಿ, ಊಟ ಮತ್ತು ದಿನಸಿ ವಿತರಣೆ, ಸರಕು ಸಾಗಣೆಯಂತಹ ಸೇವೆಗಳು. ಕಪಾಟಿನ ಚಿತ್ರ ತೆಗೆಯುವವರನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ, ಆದ್ದರಿಂದ ಅದನ್ನೇ ನೆಚ್ಚಿ ಕೂರುವ ಹಾಗಿಲ್ಲ. ಕೇಂದ್ರದ ಇ-ಶ್ರಮ್ ಪೋರ್ಟಲಿನಲ್ಲಿ 16ರಿಂದ 59 ವರ್ಷದೊಳಗಿನ, ಪಿಎಫ್ ಅಥವಾ ಇಎಸ್‌ಐ ಸದಸ್ಯರಲ್ಲದ ಅಸಂಘಟಿತ ಕಾರ್ಮಿಕರು ಹೆಸರು ಬರೆಸಿಕೊಳ್ಳಬಹುದು. ಬೇರೆ ನೌಕರಿಯಿಲ್ಲದೆ ಈ ಕೆಲಸ ಮಾಡುವ ವಿದ್ಯಾರ್ಥಿಗಳೂ ಗೃಹಿಣಿಯರೂ ಆಧಾರ್‌ಗೆ ಜೋಡಿಸಿದ ಮೊಬೈಲನ್ನು ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ಹಿಡಿದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಅಲ್ಲಿಯೇ ನೋಂದಣಿ ಮಾಡಿಕೊಡುತ್ತಾರೆ. ಮಳೆಗಾಲದಲ್ಲಿ ಹೋಗುವುದಾದರೆ ಮೊದಲು ಫೋನ್ ಮಾಡಿ, ಕರೆಂಟ್ ಇದೆಯೇ ಎಂದು ಕೇಳಿಕೊಂಡು ಹೊರಡಿ.